ಕಣ್ಣಿಗೆ ಬಿದ್ದವರೆಲ್ಲ ಚಿತ್ರಕ್ಕೆ ಒಪ್ಪಿದವರಲ್ಲ

ಬೀದಿಯಲ್ಲಿ ಓಡಾಡುವ ಅಪರಿಚಿತರನ್ನು ಅವರ ಅರಿವಿಗೆ ಬಾರದಂತೆ ಕ್ಯಾಮೆರಾದಲ್ಲಿ ಹಿಡಿಯುವುದರ ಬಗ್ಗೆ ಈ ಬಾರಿ ಬಂದ ಪತ್ರಗಳಲ್ಲಿ ಕ್ಯಾಮೆರಾ ಹಿಡಿದವರವೂ ಇವೆ, ಅದರೆದುರು ಸಿಕ್ಕಿಬಿದ್ದವರವೂ ಇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾಲ್ಕು ವರ್ಷಗಳಿಂದ ಬೀದಿಯ ಚಿತ್ರಗಳನ್ನು ತೆಗೆಯುತ್ತಿದ್ದೇನೆ. ಜನ ಸಹಜವಾಗಿರಲಿ ಎಂಬ ಕಾರಣಕ್ಕೆ ರಸ್ತೆಯ ಆಚೆ ಬದಿಯಲ್ಲಿ ನಿಂತು 70-300 ಮಿ.ಮೀ. ಜೂಮ್ ಲೆನ್ಸ್ ಬಳಸುತ್ತೇನೆ. ಕಳೆದ ತಿಂಗಳು ಮಹಿಳೆಯೊಬ್ಬರು ನನ್ನನ್ನು ಗಮನಿಸಿ, ರಸ್ತೆ ದಾಟಿ ಬಂದು, ‘ಕದ್ದು ಯಾಕೆ ಫೋಟೊ ತೆಗೆದಿರಿ’ ಎಂದು ಕೇಳಿದರು. ಚಿತ್ರವನ್ನು ಅಳಿಸಿಬಿಟ್ಟೆ. ಆದರೆ ‘ಕದ್ದು’ ಎಂಬ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ಮೊದಲೇ ಕೇಳಿ ತೆಗೆದರೆ ಅದು ಸಹಜ ಚಿತ್ರ ಹೇಗಾದೀತು?
— ಹವ್ಯಾಸಿ ಛಾಯಾಗ್ರಾಹಕ

ಉತ್ತರ: ಆ ಮಹಿಳೆಯ ಮಾತು ಒರಟಾಗಿತ್ತೋ ಏನೋ, ತಪ್ಪಾಗಿರಲಿಲ್ಲ. ವ್ಯಕ್ತಿಗೆ ಅರಿವಾಗುವ ಮೊದಲೇ ಚಿತ್ರ ತೆಗೆಯುವುದು ಬೇರೆ, ಛಾಯಾಗ್ರಾಹಕ ತಾನೇ ಅಡಗಿಕೊಂಡು ತೆಗೆಯುವುದು ಬೇರೆ. ಮೊದಲನೆಯದು ಈ ಕಲೆಯ ಜೀವಾಳ, ಎರಡನೆಯದು ಅದಕ್ಕಂಟಿದ ಹಳೆಯ ಚಾಳಿ. ಮೊದಲನೆಯದನ್ನು ಮಾಡುತ್ತಿದ್ದೇನೆಂದು ತಿಳಿದು ನೀವು ನಾಲ್ಕು ವರ್ಷ ಎರಡನೆಯದನ್ನು ಮಾಡಿದ್ದೀರಿ.

ಚಾಳಿ ಹಳೆಯದೆಂದು ಹೇಳಲು ಕಾರಣವಿದೆ. ಫೋಟೊದಲ್ಲಿ ಕಾಣಿಸಿಕೊಂಡ ಮೊದಲ ಮನುಷ್ಯರೆಂದು ಸಾಮಾನ್ಯವಾಗಿ ಗುರುತಿಸುವವರೇ ಬೀದಿಯವರು. 1838ರಲ್ಲಿ, ಛಾಯಾಗ್ರಹಣವನ್ನು ಆರಂಭಿಸಿದವರಲ್ಲಿ ಒಬ್ಬರಾದ ಲೂಯಿ ಡಗೇರ್ ಪ್ಯಾರಿಸ್ಸಿನ ಬುಲೆವಾರ್ ದ್ಯು ತಾಂಪ್ಲ್ ಎಂಬ ರಸ್ತೆಯನ್ನು ಎತ್ತರದ ಕಿಟಕಿಯೊಂದರಿಂದ ಚಿತ್ರಿಸಿದಾಗ, ಎಕ್ಸ್‌ಪೋಷರ್ (ಚಿತ್ರ ಮೂಡುವ ತಟ್ಟೆಗೆ ಬೆಳಕು ಬೀಳಬೇಕಾದ ಹೊತ್ತು) ಹಲವು ನಿಮಿಷ ಹಿಡಿದುದರಿಂದ ಓಡಾಡುತ್ತಿದ್ದ ಜನ, ಗಾಡಿಗಳೆಲ್ಲ ಮಾಯವಾಗಿ, ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ಅಲುಗಾಡದೆ ನಿಂತಿದ್ದ ಒಬ್ಬ ಮತ್ತು ಅವನ ಕಾಲ ಬಳಿಯಿದ್ದ ಇನ್ನೊಬ್ಬ ಮಾತ್ರ ತಟ್ಟೆಯ ಮೇಲೆ ಉಳಿದರು. ಅವರಿಗೆ ಅದು ತಿಳಿದಿರುವ ಸಂಭವ ಇಲ್ಲವೆಂದೇ ಹೇಳಬೇಕು. ಅದಾಗಿ ನೂರು ವರ್ಷಕ್ಕೆ, 1938ರಿಂದ 1941ರವರೆಗೆ, ಅಮೆರಿಕದ ಛಾಯಾಗ್ರಾಹಕ ವಾಕರ್ ಇವಾನ್ಸ್ ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಎದುರು ಸೀಟಿನವರ ಚಿತ್ರಗಳನ್ನು ತೆಗೆದರು. ಕಾಂಟ್ಯಾಕ್ಸ್ ಕ್ಯಾಮೆರಾ ಕೋಟಿನೊಳಗೆ, ಲೆನ್ಸ್ ಎರಡು ಗುಂಡಿಗಳ ನಡುವೆ, ಶಟರ್ ಒತ್ತುವ ಕೇಬಲ್ ತೋಳಿನೊಳಗಿಂದ ಅಂಗೈಗೆ. ಅಡಗುವುದರಲ್ಲಿ ಇದನ್ನು ಮೀರಿಸುವುದು ಕಷ್ಟ.

ಆದರೆ ಇವಾನ್ಸ್ ವಿಷಯದಲ್ಲಿ ನನಗೆ ಮುಖ್ಯವೆನಿಸುವುದು ಕೋಟಲ್ಲ. ಆ ಚಿತ್ರಗಳು ಪುಸ್ತಕವಾಗಿ ಬಂದದ್ದು 1966ರಲ್ಲಿ. ತೆಗೆಯುವುದಕ್ಕೂ ಪುಸ್ತಕವಾಗಿ ಹೊರತರುವುದಕ್ಕೂ ನಡುವೆ ಕಾಲು ಶತಮಾನ ಕಳೆಯಿತು. ಅಷ್ಟರಲ್ಲಿ ಆ ಮುಖಗಳಿಗೆ ವಯಸ್ಸಾಗಿತ್ತು, ಆ ದಿನ ರೈಲಿನಲ್ಲಿ ಯಾರ ಪಕ್ಕದಲ್ಲಿ ಯಾರು ಕೂತಿದ್ದರು ಎಂಬುದು ಯಾರಿಗೂ ಬೇಡವಾದ ಸುದ್ದಿಯಾಗಿತ್ತು. ಕ್ಲಿಕ್ಕಿಸಿದ ಅರ್ಧ ನಿಮಿಷದಲ್ಲಿ ಚಿತ್ರವನ್ನು ಜಗತ್ತಿಗೆ ಹಂಚಬಲ್ಲ ನಮಗೆ ಆ ಬಿಡುವು ತಾನಾಗಿ ಸಿಗುವುದಿಲ್ಲ, ನಾವೇ ಮಾಡಿಕೊಳ್ಳಬೇಕು. ಬೀದಿ ಛಾಯಾಗ್ರಹಣದ ನೈತಿಕ ಪ್ರಶ್ನೆಗಳಲ್ಲಿ ಹೆಚ್ಚಿನವು ಶಟರ್ ಒತ್ತುವ ಗಳಿಗೆಗೆ ಸೇರಿದವಲ್ಲ, ತೋರಿಸುವ ಗಳಿಗೆಗೆ ಸೇರಿದವು ಎಂದು ನಾನು ನಂಬುತ್ತೇನೆ. ಮುಂದಿನ ಉತ್ತರಗಳಲ್ಲೂ ಈ ಮಾತು ಬರುತ್ತದೆ.

ಇನ್ನು ನಿಮ್ಮ ಜೂಮ್ ಲೆನ್ಸ್. ಫ್ರಾನ್ಸಿನ ಪ್ರಸಿದ್ಧ ಛಾಯಾಗ್ರಾಹಕ ಆನ್ರಿ ಕಾರ್ಟಿಯೆ-ಬ್ರೆಸ್ಸೋನ್ ತಮ್ಮ ಲೈಕಾ ಕ್ಯಾಮೆರಾದ ಹೊಳೆಯುವ ಭಾಗಗಳಿಗೆ ಕಪ್ಪು ಟೇಪು ಸುತ್ತಿದ್ದರು, ಅಂದರೆ ಗಮನ ಸೆಳೆಯಬಾರದೆಂಬ ಎಚ್ಚರ ಅವರಿಗೂ ಇತ್ತು. ಆದರೆ ಹೆಚ್ಚಾಗಿ ಬಳಸಿದ್ದು ದೂರದ್ದನ್ನು ಹತ್ತಿರಕ್ಕೆ ಎಳೆಯದ 50 ಮಿ.ಮೀ. ಲೆನ್ಸ್. ಅದರಲ್ಲಿ ಮನುಷ್ಯರು ಕಾಣಬೇಕಾದರೆ ಮನುಷ್ಯರ ನಡುವೆಯೇ ನಿಲ್ಲಬೇಕು. ಅಮೆರಿಕದ ಗ್ಯಾರಿ ವಿನೋಗ್ರ್ಯಾಂಡ್ ಇನ್ನೂ ಅಗಲವಾಗಿ ನೋಡುವ 28 ಮಿ.ಮೀ. ಲೆನ್ಸಿನೊಂದಿಗೆ ಇನ್ನೂ ಹತ್ತಿರ ಹೋದರು. ಹತ್ತಿರ ನಿಂತವನನ್ನು ಜನ ನೋಡಬಲ್ಲರು, ಮುಖ ತಿರುಗಿಸಿಕೊಳ್ಳಬಲ್ಲರು, ಬೇಡವೆಂದು ಕೈ ಅಡ್ಡ ಹಿಡಿಯಬಲ್ಲರು. ರಸ್ತೆಯಾಚೆ ನಿಂತು ನೀವು ಅವರಿಂದ ಕಿತ್ತುಕೊಂಡದ್ದು ಈ ಅವಕಾಶವನ್ನು. ಚಿತ್ರಕ್ಕೂ ಇದರಿಂದ ನಷ್ಟವೇ ಹೆಚ್ಚು: ದೂರದ ಲೆನ್ಸು ಹಿನ್ನೆಲೆಯನ್ನು ಒತ್ತಿ ಚಪ್ಪಟೆ ಮಾಡುತ್ತದೆ, ಬೀದಿ ಹೋಗಿ ಮುಖವೊಂದೇ ಉಳಿಯುತ್ತದೆ.

35 ಮಿ.ಮೀ. ಲೆನ್ಸ್ ಹಾಕಿ, ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಒಳಬರುವ ಕಂಡಿ) ಎಫ್ 8ರಲ್ಲಿಟ್ಟು, ಫೋಕಸ್ಸನ್ನು ಕೈಯಾರೆ ಮೂರು ಮೀಟರಿಗೆ ನಿಲ್ಲಿಸಿ. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ (ಸೆನ್ಸರ್ ಹಳೆಯ 35 ಮಿ.ಮೀ. ಫಿಲ್ಮಿನಷ್ಟೇ ದೊಡ್ಡದಿರುವಂಥದರಲ್ಲಿ) ಸುಮಾರು ಎರಡು ಮೀಟರಿನಿಂದ ಏಳು ಮೀಟರಿನವರೆಗಿನ ಎಲ್ಲವೂ ಸಾಕಷ್ಟು ಸ್ಪಷ್ಟವಾಗಿ ಬರುತ್ತದೆ. ಶಟರ್ ವೇಗ ಸೆಕೆಂಡಿನ 250ನೇ ಒಂದು ಭಾಗಕ್ಕಿಂತ ಕಡಿಮೆಯಾಗದಿರಲಿ. ಫೋಕಸ್ಸಿಗಾಗಿ ತಡಕಾಡುವ ಕೆಲಸ ತಪ್ಪಿದಾಗ ಕ್ಯಾಮೆರಾ ಮುಖದ ಮುಂದಿರುವ ಹೊತ್ತು ಒಂದು ಸೆಕೆಂಡಿಗೆ ಇಳಿಯುತ್ತದೆ, ಸಹಜತೆ ಉಳಿಯುವುದು ಅಲ್ಲಿ. ಒಂದೇ ಮೂಲೆಯಲ್ಲಿ ಅರ್ಧ ಗಂಟೆ, ಕ್ಯಾಮೆರಾ ಎಲ್ಲರಿಗೂ ಕಾಣುವಂತೆ ಕುತ್ತಿಗೆಗೆ ಹಾಕಿಕೊಂಡು ನಿಂತು ನೋಡಿ. ಮೊದಲ ಹತ್ತು ನಿಮಿಷ ಜನ ನಿಮ್ಮನ್ನು ನೋಡುತ್ತಾರೆ, ಆಮೇಲೆ ನೀವೂ ಒಂದು ದೀಪದ ಕಂಬವಾಗುತ್ತೀರಿ. ತೆಗೆದ ಮೇಲೆ ಕಣ್ಣು ಸೇರಿದರೆ ನಸುನಕ್ಕು ತಲೆಯಾಡಿಸಿ, ಕೇಳಿದರೆ ಚಿತ್ರವನ್ನು ತೋರಿಸಿ. ಬೇಡವೆಂದವರ ಚಿತ್ರವನ್ನು ಅಳಿಸಿ ಒಳ್ಳೆಯ ಕೆಲಸ ಮಾಡಿದ್ದೀರಿ. ಅಳಿಸಲೇಬೇಕೆಂಬ ಕಾನೂನು ಎಲ್ಲೆಡೆ ಇಲ್ಲದಿದ್ದರೂ, ಎದುರಿಗೆ ಬಂದು ಬೇಡವೆಂದವರ ಮುಖವನ್ನು ಇಟ್ಟುಕೊಂಡು ಮಾಡುವುದೇನು?

ಪ್ರಶ್ನೆ: ಸಾರ್ವಜನಿಕ ಸ್ಥಳದಲ್ಲಿ ಯಾರ ಚಿತ್ರವನ್ನಾದರೂ ಒಪ್ಪಿಗೆಯಿಲ್ಲದೆ ತೆಗೆಯಬಹುದು, ಬೀದಿಗೆ ಬಂದವರಿಗೆ ಖಾಸಗಿತನವಿಲ್ಲ ಎಂದು ನಮ್ಮ ಕ್ಯಾಮೆರಾ ಬಳಗದ ಹಿರಿಯರು ಹೇಳುತ್ತಾರೆ. ಕಾನೂನು ನಿಜವಾಗಿಯೂ ಹೀಗಿದೆಯೇ?
— ಬಳಗದ ಹೊಸ ಸದಸ್ಯ

ಉತ್ತರ: ನಿಮ್ಮ ಹಿರಿಯರು ಹೇಳುವುದು ಕೆಲವು ದೇಶಗಳಿಗೆ ಸ್ಥೂಲವಾಗಿ ಹೊಂದುತ್ತದೆ, ಕೆಲವಕ್ಕೆ ಹೊಂದುವುದೇ ಇಲ್ಲ. ಬೀದಿಗೆ ಬಂದವರಿಗೆ ಖಾಸಗಿತನವಿಲ್ಲ ಎಂಬ ಭಾಗವಂತೂ ಭಾರತಕ್ಕೆ ಸಲ್ಲದು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಘೋಷಿಸಿತು. ಸಾರ್ವಜನಿಕ ಸ್ಥಳದಲ್ಲಿದ್ದ ಮಾತ್ರಕ್ಕೆ ವ್ಯಕ್ತಿ ಅದನ್ನು ಕಳೆದುಕೊಳ್ಳುವುದಿಲ್ಲ ಎಂಬ ಮಾತೂ ಆ ತೀರ್ಪಿನಲ್ಲಿದೆ. ಹಾಗೆಂದು ಬೀದಿಯ ಪ್ರತಿಯೊಂದು ಚಿತ್ರವೂ ಅಪರಾಧವಾಗುವುದಿಲ್ಲ. ಎರಡರ ನಡುವಿನ ಗೆರೆಯನ್ನು ಒಂದೊಂದು ದೇಶ ಒಂದೊಂದು ಕಡೆ ಎಳೆದಿದೆ.

ಇಂದಿನ ಖಾಸಗಿತನದ ಕಾನೂನು ಹುಟ್ಟಿದ್ದರಲ್ಲಿ ಕ್ಯಾಮೆರಾದ ಪಾಲು ದೊಡ್ಡದು. 1888ರಲ್ಲಿ ಕೋಡಕ್ ಕೈ ಕ್ಯಾಮೆರಾ ಬಂತು. ಎರಡು ವರ್ಷದಲ್ಲೇ, 1890ರಲ್ಲಿ, ವಾರನ್ ಮತ್ತು ಬ್ರ್ಯಾಂಡೈಸ್ ಎಂಬ ಅಮೆರಿಕದ ಇಬ್ಬರು ವಕೀಲರು ಖಾಸಗಿತನದ ಹಕ್ಕಿನ ಬಗ್ಗೆ ಹಾರ್ವರ್ಡಿನ ಕಾನೂನು ಪತ್ರಿಕೆಯಲ್ಲಿ ಪ್ರಸಿದ್ಧ ಲೇಖನ ಬರೆದು, ಕ್ಷಣಾರ್ಧದಲ್ಲಿ ಚಿತ್ರ ತೆಗೆಯುವ ಈ ಹೊಸ ಯಂತ್ರವನ್ನೇ ಆತಂಕದ ಕಾರಣಗಳಲ್ಲಿ ಒಂದಾಗಿ ಹೆಸರಿಸಿದರು. 1902ರಲ್ಲಿ, ತನ್ನ ಮುಖವನ್ನು ಕೇಳದೆ ಹಿಟ್ಟಿನ ಜಾಹೀರಾತಿನಲ್ಲಿ ಅಚ್ಚು ಹಾಕಿದರೆಂದು ದೂರಿದ್ದ ಯುವತಿಯ ವಿರುದ್ಧ ನ್ಯೂಯಾರ್ಕ್ ರಾಜ್ಯದ ಉನ್ನತ ನ್ಯಾಯಾಲಯ ತೀರ್ಪು ಕೊಟ್ಟಾಗ ಜನ ಎಷ್ಟು ಸಿಟ್ಟಾದರೆಂದರೆ, ಮರುವರ್ಷವೇ ಅಲ್ಲಿನ ಶಾಸನಸಭೆ ಒಪ್ಪಿಗೆಯಿಲ್ಲದೆ ವ್ಯಕ್ತಿಯ ಚಿತ್ರವನ್ನು ವ್ಯಾಪಾರಕ್ಕೆ ಬಳಸಬಾರದೆಂದು ಕಾಯಿದೆ ಮಾಡಿತು. ಜಾಹೀರಾತಿಗೆ ಒಪ್ಪಿಗೆ ಬೇಕು, ಕಲೆಗೆ ಮತ್ತು ಸುದ್ದಿಗೆ ಬೇಡ ಎಂಬ ಅಮೆರಿಕದ ವಿಂಗಡಣೆ ಈ ಹಾದಿಯಲ್ಲಿ ಬಂದದ್ದು. ಛಾಯಾಗ್ರಾಹಕ ಫಿಲಿಪ್-ಲೋರ್ಕಾ ಡಿಕಾರ್ಸಿಯಾ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ ಅಡಗಿಸಿಟ್ಟ ಫ್ಲ್ಯಾಶುಗಳ ಬೆಳಕಿನಲ್ಲಿ ದಾರಿಹೋಕರನ್ನು ಚಿತ್ರಿಸಿ ಪ್ರದರ್ಶಿಸಿದಾಗ, ತನ್ನ ಧರ್ಮಶ್ರದ್ಧೆಗೆ ಇದು ವಿರುದ್ಧವೆಂದು ಒಬ್ಬ ವೃದ್ಧರು ದಾವೆ ಹೂಡಿದರು. ಅದು ಕಲೆ, ವ್ಯಾಪಾರವಲ್ಲ ಎಂದು 2006ರಲ್ಲಿ ನ್ಯಾಯಾಲಯ ದಾವೆಯನ್ನು ತಳ್ಳಿಹಾಕಿತು. ಅದರ ಪ್ರತಿಗಳು ಸಾವಿರಾರು ಡಾಲರಿಗೆ ಮಾರಾಟವಾಗಿದ್ದರೂ ತೀರ್ಪು ಬದಲಾಗಲಿಲ್ಲ. ಕಾನೂನಿನ ಲೆಕ್ಕ ಸರಿಯಿರಬಹುದು. ಆ ವೃದ್ಧರ ಕಡೆಗೇ ನನ್ನ ಮನಸ್ಸು ಇಂದಿಗೂ ವಾಲುತ್ತದೆ.

ಅದೇ ಖಂಡದಲ್ಲಿ ಇನ್ನೊಂದು ತೀರ್ಪನ್ನು ನೋಡಿ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಕಟ್ಟಡವೊಂದರ ಮೆಟ್ಟಿಲ ಮೇಲೆ ಕೂತಿದ್ದ 17 ವರ್ಷದ ಹುಡುಗಿಯ ಚಿತ್ರವನ್ನು ಕಲಾ ಪತ್ರಿಕೆಯೊಂದು 1988ರಲ್ಲಿ ಪ್ರಕಟಿಸಿತು. ಚಿತ್ರದಲ್ಲಿ ಅವಮಾನಕರವಾದುದು ಏನೂ ಇರಲಿಲ್ಲ. ಆದರೂ ಒಪ್ಪಿಗೆಯಿಲ್ಲದೆ ಪ್ರಕಟಿಸಿದ್ದು ತಪ್ಪೆಂದು 1998ರಲ್ಲಿ ಕೆನಡಾದ ಸರ್ವೋಚ್ಚ ನ್ಯಾಯಾಲಯ ಹೇಳಿ, 2000 ಡಾಲರ್ ಪರಿಹಾರವನ್ನು ಎತ್ತಿಹಿಡಿಯಿತು. ಹಂಗೆರಿಯಲ್ಲಿ 2014ರಿಂದ ಜಾರಿಯಲ್ಲಿರುವ ಸಿವಿಲ್ ಸಂಹಿತೆ ಚಿತ್ರ ತೆಗೆಯುವುದಕ್ಕೇ ಒಪ್ಪಿಗೆ ಕೇಳುತ್ತದೆ, ಗುಂಪಿನ ದೃಶ್ಯಗಳಿಗೂ ಸಾರ್ವಜನಿಕ ವ್ಯಕ್ತಿಗಳಿಗೂ ವಿನಾಯಿತಿ ಕೊಟ್ಟು.

ನನಗೆ ಹೆಚ್ಚು ಬುದ್ಧಿ ಹೇಳಿದ್ದು ಜರ್ಮನಿಯ ತೀರ್ಪು. ಬರ್ಲಿನ್ನಿನಲ್ಲಿ ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬರ ಚಿತ್ರವನ್ನು ಪ್ರದರ್ಶನವೊಂದರ ಅಂಗವಾಗಿ ವಾಹನ ದಟ್ಟಣೆಯ ರಸ್ತೆಯ ಬದಿಯಲ್ಲಿ ದೊಡ್ಡ ಫಲಕವಾಗಿ ನಿಲ್ಲಿಸಿದ್ದರು. 2018ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ, ಬೀದಿ ಛಾಯಾಗ್ರಹಣಕ್ಕೆ ಕಲಾ ಸ್ವಾತಂತ್ರ್ಯದ ರಕ್ಷಣೆ ಉಂಟೆಂದು ಒಪ್ಪಿಕೊಂಡೂ, ಹಾದುಹೋಗುವವರ ಕಣ್ಣಿಗೆಲ್ಲ ಬೀಳುವಂತೆ ಆ ಗಾತ್ರದಲ್ಲಿ ತೋರಿಸಿದ್ದು ಮಹಿಳೆಯ ಹಕ್ಕಿಗೆ ಧಕ್ಕೆ ತಂದಿತೆಂಬ ನಿಲುವನ್ನು ಉಳಿಸಿತು. ಚಿತ್ರ ಒಂದೇ. ಗ್ಯಾಲರಿಯೊಳಗಿನ ಗೋಡೆಯೋ, ರಸ್ತೆಯ ಮೇಲಿನ ಫಲಕವೋ ಎಂಬುದರ ಮೇಲೆ ನ್ಯಾಯ ಬದಲಾಯಿತು. ಅಂಗೈಯಲ್ಲಿರುವ ಫೋನಿನ ಪರದೆ ಈ ಎರಡರಲ್ಲಿ ಯಾವುದಕ್ಕೆ ಹತ್ತಿರವೆಂಬುದನ್ನು ನಿಮ್ಮ ಬಳಗದ ಮುಂದಿನ ಸಭೆಯಲ್ಲಿ ಚರ್ಚೆಗೆ ಇಡಿ.

ಕಿಟಕಿಯೊಳಗೆ, ಬಾಗಿಲೊಳಗೆ, ಬಟ್ಟೆ ಬದಲಿಸುವ ಜಾಗದೊಳಗೆ ಲೆನ್ಸ್ ತೂರಿಸುವುದು ಬೀದಿ ಛಾಯಾಗ್ರಹಣವೇ ಅಲ್ಲ. ಖಾಸಗಿ ಅಂಗಗಳನ್ನು, ಖಾಸಗಿ ಕ್ರಿಯೆಯನ್ನು ಸೆರೆಹಿಡಿಯುವುದು ಭಾರತವೂ ಸೇರಿ ಅನೇಕ ದೇಶಗಳಲ್ಲಿ ಜೈಲಿಗೆ ಕಳಿಸುವ ಅಪರಾಧ. ಅದರ ಬಗ್ಗೆ ಹೆಚ್ಚು ಬರೆಯುವ ಅಗತ್ಯ ಕಾಣುವುದಿಲ್ಲ.

ಪ್ರಶ್ನೆ: ಬಸ್ಸಿಗಾಗಿ ಕಾಯುತ್ತ ನಿಂತಿದ್ದ ನನ್ನ ಚಿತ್ರ ಅಪರಿಚಿತರೊಬ್ಬರ ಸಾಮಾಜಿಕ ಜಾಲತಾಣದ ಖಾತೆಯಲ್ಲಿದೆಯೆಂದು ಗೆಳತಿ ತೋರಿಸಿದಳು. ಚಿತ್ರ ಚೆನ್ನಾಗಿಯೇ ಇದೆ. ಆದರೆ ಅದರ ಕೆಳಗೆ ನೂರಾರು ಜನ ನನ್ನ ಮುಖ, ಬಟ್ಟೆ, ಮೈಕಟ್ಟಿನ ಬಗ್ಗೆ ಮಾತಾಡಿಕೊಂಡಿದ್ದಾರೆ. ಇದು ನನ್ನ ಚಿತ್ರ ಅಲ್ಲವೇ? ತೆಗೆಸಿಹಾಕುವುದು ಹೇಗೆ?
— ಕಾಲೇಜು ವಿದ್ಯಾರ್ಥಿನಿ

ಉತ್ತರ: ಮುಖ ನಿಮ್ಮದು, ಚಿತ್ರದ ಕೃತಿಸ್ವಾಮ್ಯ ಮಾತ್ರ ಸಾಮಾನ್ಯವಾಗಿ ಅದನ್ನು ತೆಗೆದವರದು. ಈ ಸೂಕ್ಷ್ಮ ಗೊತ್ತಿಲ್ಲದೆ ಹಲವರು ಜಾಲತಾಣಕ್ಕೆ ಕೃತಿಸ್ವಾಮ್ಯದ ದೂರು ಕೊಡುತ್ತಾರೆ, ಅದು ಅಲ್ಲಿಗೇ ಬಿದ್ದುಹೋಗುತ್ತದೆ. ನಿಮ್ಮ ದೂರು ಖಾಸಗಿತನದ ಭಂಗ, ಕಿರುಕುಳ ಎಂಬ ವಿಭಾಗಗಳಲ್ಲಿ ಹೋಗಬೇಕು.

ಎಲ್ಲಕ್ಕೂ ಮೊದಲು ಚಿತ್ರ, ಅದರ ವಿಳಾಸ, ದಿನಾಂಕ ಮತ್ತು ಕೆಳಗಿನ ಮಾತುಗಳು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಪುಟ ಅಳಿಸಿಹೋದ ಮೇಲೆ ಏನು ನಡೆದಿತ್ತೆಂದು ತೋರಿಸಲು ಉಳಿಯುವುದು ಅದೊಂದೇ. ಬಳಿಕ ಛಾಯಾಗ್ರಾಹಕರಿಗೆ ನೇರವಾಗಿ, ಚಿಕ್ಕದಾಗಿ ಬರೆಯಿರಿ: ಈ ಚಿತ್ರದಲ್ಲಿರುವುದು ನಾನು, ನನ್ನ ಒಪ್ಪಿಗೆ ಇಲ್ಲ, ಇಂಥ ದಿನದೊಳಗೆ ತೆಗೆದುಹಾಕಿ. ಕಾರಣ ವಿವರಿಸುವ ಹೊಣೆ ನಿಮಗಿಲ್ಲ. ಇಷ್ಟು ಬರೆದರೆ ಹೆಚ್ಚಿನವರು ತೆಗೆಯುತ್ತಾರೆಂಬುದು ನಾನು ಕಂಡದ್ದು. ಭಯವೆನಿಸಿದರೆ ಅಥವಾ ಮಾತುಗಳು ಅಶ್ಲೀಲವಾಗಿದ್ದರೆ ನೀವೇ ಬರೆಯುವುದು ಬೇಡ. ಜಾಲತಾಣದ ದೂರು ವ್ಯವಸ್ಥೆಗೆ, ಅಗತ್ಯವಿದ್ದರೆ ಪೊಲೀಸರ ಸೈಬರ್ ವಿಭಾಗಕ್ಕೆ ಹೋಗಿ. ಚಿತ್ರವನ್ನು ಆಧಾರವಾಗಿಟ್ಟು ಹುಡುಕುವ ಸೌಲಭ್ಯ ಸರ್ಚ್ ಎಂಜಿನ್ನುಗಳಲ್ಲಿದೆ, ಅದರಿಂದ ಬೇರೆಡೆ ನಕಲಾಗಿದೆಯೇ ಎಂಬುದನ್ನೂ ನೋಡಿಕೊಳ್ಳಿ.

ಛಾಯಾಗ್ರಾಹಕರು ಓದುತ್ತಿದ್ದರೆ ಒಂದು ಮಾತು. ಚಿತ್ರ ಚೆನ್ನಾಗಿದೆಯೆಂದು ಈ ವಿದ್ಯಾರ್ಥಿನಿಯೇ ಒಪ್ಪುತ್ತಾರೆ. ಅವರನ್ನು ನೋಯಿಸಿದ್ದು ಚಿತ್ರವಲ್ಲ, ಅದನ್ನಿಟ್ಟ ಜಾಗ. ಅಪರಿಚಿತೆಯೊಬ್ಬಳನ್ನು ನಡುವೆ ನಿಲ್ಲಿಸಿ, ಸುತ್ತ ಜನರನ್ನು ಸೇರಿಸಿ, ಯಾರು ಏನು ಬೇಕಾದರೂ ಅನ್ನಲಿ ಎಂದು ಬಿಟ್ಟು ಹೋದವರ ಪಾಲು ಆ ಮಾತುಗಳಲ್ಲಿ ಇದ್ದೇ ಇರುತ್ತದೆ.

ಪ್ರಶ್ನೆ: ಪಾದಚಾರಿ ಮಾರ್ಗದಲ್ಲಿ ಮಲಗಿದವರು, ಭಿಕ್ಷೆ ಬೇಡುವವರು, ಆಡುವ ಮಕ್ಕಳು — ಪ್ರಶಸ್ತಿ ಪಡೆದ ಚಿತ್ರಗಳಲ್ಲಿ ಇವರೇ ಹೆಚ್ಚು. ಇದು ಸರಿಯೇ?
— ಶಾಲಾ ಶಿಕ್ಷಕಿ

ಉತ್ತರ: ಅಮೆರಿಕದ ಛಾಯಾಗ್ರಾಹಕ ಪಾಲ್ ಸ್ಟ್ರ್ಯಾಂಡ್ 1916ರಲ್ಲಿ ನ್ಯೂಯಾರ್ಕಿನ ಬೀದಿಯಲ್ಲಿ ‘ಅಂಧೆ’ ಎಂಬ ಫಲಕವನ್ನು ಕುತ್ತಿಗೆಗೆ ತೂಗುಹಾಕಿಕೊಂಡ ಮಹಿಳೆಯನ್ನು ಚಿತ್ರಿಸಿದರು. ಆ ಕಾಲದ ಬೀದಿಯ ಚಿತ್ರಗಳಿಗೆ ಅವರು ಕ್ಯಾಮೆರಾದ ಬದಿಗೆ ಹುಸಿ ಲೆನ್ಸ್ ಜೋಡಿಸಿ, ಬೇರೆಲ್ಲೋ ನೋಡುತ್ತಿರುವಂತೆ ತೋರಿಸಿಕೊಳ್ಳುವ ಉಪಾಯ ಹೂಡಿದ್ದರು. ಚಿತ್ರ ಆಧುನಿಕ ಛಾಯಾಗ್ರಹಣದ ಮೈಲಿಗಲ್ಲಾಯಿತು. ಆಕೆ ಮಾತ್ರ ಶೀರ್ಷಿಕೆಯಲ್ಲಿ ಅಂಧೆಯಾಗಿಯೇ ಉಳಿದಳು. ಇದು ದೊಡ್ಡ ಚಿತ್ರವೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದರ ಸಾವಿರಾರು ಮರಿ ಚಿತ್ರಗಳನ್ನು ಸ್ಪರ್ಧೆಗಳ ತೀರ್ಪುಗಾರನಾಗಿ ನೋಡಿ ಬೇಸತ್ತಿದ್ದೇನೆ. ಮನೆಯಿದ್ದವರು ನಿದ್ದೆಗೆ ಬಾಗಿಲು ಹಾಕಿಕೊಳ್ಳುತ್ತಾರೆ. ಮನೆಯಿಲ್ಲದವರ ಮಲಗುವ ಕೋಣೆ ಬೀದಿಯೇ ಆಗಿರುವುದರಿಂದ, ಸಾರ್ವಜನಿಕ ಸ್ಥಳವೆಂಬ ವಾದವನ್ನು ಅವರ ಮೇಲೆ ಹೂಡುವುದು ಅನ್ಯಾಯ. ಎದ್ದಿರುವವರೊಂದಿಗೆ ಮಾತಾಡಿ, ಒಪ್ಪಿದರೆ ತೆಗೆಯಿರಿ, ಅವರ ಕೆಲಸ, ಅವರ ನಗೆ, ಅವರ ಸಿಟ್ಟು ಬರಲಿ. ಮಲಗಿದವರನ್ನು ಬಿಟ್ಟುಬಿಡಿ.

ಮಕ್ಕಳ ವಿಷಯದಲ್ಲಿ ನನ್ನ ನಿಯಮ ಇನ್ನೂ ಬಿಗಿ. ಹೆಲೆನ್ ಲೆವಿಟ್ ಎದುರಿಗಿದ್ದವರನ್ನು ಬಿಟ್ಟು ಪಕ್ಕಕ್ಕೆ ನೋಡುವಂಥ ವ್ಯೂಫೈಂಡರ್ ಬಳಸಿ ನ್ಯೂಯಾರ್ಕಿನ ಬೀದಿಗಳಲ್ಲಿ ಮಕ್ಕಳು ಆಡುವ ಆಟಗಳನ್ನು ಅದ್ಭುತವಾಗಿ ಸೆರೆಹಿಡಿದರು, ನಿಜ. ಆ ಮಕ್ಕಳ ಮುಖಗಳನ್ನು ಪ್ರಪಂಚದ ಯಾವುದೋ ಮೂಲೆಯಲ್ಲಿ ಕೂತವನು ತನ್ನ ಫೋನಿಗೆ ಇಳಿಸಿಕೊಳ್ಳುವ ಕಾಲ ಅದಾಗಿರಲಿಲ್ಲ. ಗುರುತು ಸಿಗುವಂತೆ ಮುಖ ಬಂದಿದ್ದರೆ ಹೆತ್ತವರನ್ನು ಕೇಳದೆ ಎಲ್ಲೂ ಹಾಕುವುದು ಬೇಡ, ಶಾಲೆಯ ಸಮವಸ್ತ್ರವೋ ಹೆಸರಿನ ಬಿಲ್ಲೆಯೋ ಇದ್ದರೆ ಕೇಳಿದ ಮೇಲೂ ಬೇಡ.

ಪ್ರಶ್ನೆ: ಒಪ್ಪಿಗೆ ಕೇಳಿ ತೆಗೆದ ಚಿತ್ರವನ್ನು ‘ಸಹಜ’ವೆಂದು ಹೇಳಿಕೊಳ್ಳಬಹುದೇ?
— ಪತ್ರಿಕೋದ್ಯಮದ ವಿದ್ಯಾರ್ಥಿ

ಉತ್ತರ: ಹೇಳಿಕೊಳ್ಳಬಾರದು. ಫ್ರಾನ್ಸಿನ ಛಾಯಾಗ್ರಾಹಕ ರಾಬೆರ್ ದುವಾನೋ 1950ರಲ್ಲಿ ಪ್ಯಾರಿಸ್ಸಿನ ನಗರಸಭೆಯ ಎದುರು ತೆಗೆದ, ಜೋಡಿಯೊಂದು ಚುಂಬಿಸುತ್ತಿರುವ ಚಿತ್ರವನ್ನು ಜಗತ್ತು ದಶಕಗಳ ಕಾಲ ಸಹಜವೆಂದೇ ನಂಬಿತ್ತು. ಆ ಜೋಡಿ ತಾವೇ ಎಂದು ಕೆಲವರು 1990ರ ದಶಕದಲ್ಲಿ ನ್ಯಾಯಾಲಯಕ್ಕೆ ಹೋದಾಗ, ಅದು ಯುವ ನಟರನ್ನು ನಿಲ್ಲಿಸಿ ತೆಗೆದದ್ದೆಂದು ದುವಾನೋ ಒಪ್ಪಿಕೊಳ್ಳಬೇಕಾಯಿತು. ನಿಲ್ಲಿಸಿ ತೆಗೆಯುವುದು ತಪ್ಪಲ್ಲ, ನಿಲ್ಲಿಸಿಲ್ಲವೆನ್ನುವುದು ತಪ್ಪು. ತೆಗೆದ ಮೇಲೆ ಒಪ್ಪಿಗೆ ಕೇಳಿದರೆ ಸಹಜತೆಗೆ ಏನೂ ಆಗುವುದಿಲ್ಲ ಎಂಬುದನ್ನು ಮರೆಯಬೇಡಿ.

ಪ್ರಶ್ನೆ: ಹದಿನೈದು ವರ್ಷಗಳ ಹಿಂದೆ ತೆಗೆದ ಬೀದಿಯ ಚಿತ್ರಗಳ ಕಟ್ಟು ನನ್ನಲ್ಲಿದೆ. ಈಗ ಜಾಲತಾಣ ಮಾಡಿ ಹಾಕೋಣವೆಂದಿದ್ದೇನೆ. ನನಗೆ ಪ್ರಿಯವಾದವು ಮೂರು: ಕೊಡೆ ತಿರುಗಿ ಹೋಗಿ ನಗುತ್ತಿರುವ ಮುದುಕರು, ಸೇತುವೆಯ ಮೇಲೆ ಜಗಳವಾಡುತ್ತಿರುವ ಯುವ ಜೋಡಿ, ಆಸ್ಪತ್ರೆಯ ಗೇಟಿನ ಹೊರಗೆ ಅಳುತ್ತಿರುವ ಗಂಡಸು. ಇಷ್ಟು ಕಾಲ ಕಳೆದಿರುವುದರಿಂದ ತೊಂದರೆಯಿಲ್ಲ ಅಲ್ಲವೇ?
— ನಿವೃತ್ತ ನೌಕರ

ಉತ್ತರ: ಇವಾನ್ಸ್ ಕಾಲದಲ್ಲಾಗಿದ್ದರೆ ತೊಂದರೆಯಿಲ್ಲ ಎನ್ನುತ್ತಿದ್ದೆ. ಆಗ ಕಾಲವೇ ಮುಖಗಳನ್ನು ಅನಾಮಿಕಗೊಳಿಸುತ್ತಿತ್ತು. ಈಗ ಅದು ಆ ಕೆಲಸವನ್ನು ಪೂರ್ತಿ ಮಾಡುತ್ತಿಲ್ಲ. 2016ರಲ್ಲಿ ರಷ್ಯಾದ ಯುವ ಛಾಯಾಗ್ರಾಹಕ ಈಗೋರ್ ತ್ಸ್ವೆತ್ಕೋವ್ ಮೆಟ್ರೊದಲ್ಲಿ ಎದುರು ಕೂತವರ ಚಿತ್ರಗಳನ್ನು ತೆಗೆದು, ಮುಖ ಹುಡುಕುವ ತಂತ್ರಾಂಶಕ್ಕೆ ಕೊಟ್ಟು, ಅವರಲ್ಲಿ ಅನೇಕರ ಸಾಮಾಜಿಕ ಜಾಲತಾಣದ ಪುಟಗಳನ್ನೇ ಪತ್ತೆ ಮಾಡಿ ತೋರಿಸಿದರು. ಇವಾನ್ಸರ ಸುರಂಗ ರೈಲಿಗೂ ಈ ಮೆಟ್ರೊಗೂ ಇರುವ ಅಂತರ ಅಷ್ಟು. ಹೆಸರು ಬರೆಯದಿದ್ದರೂ ಮುಖವೇ ಹೆಸರು ಹೇಳಬಲ್ಲದು. ಹದಿನೈದು ವರ್ಷದ ವಯಸ್ಸಿನ ವ್ಯತ್ಯಾಸ ಅದಕ್ಕೆ ದೊಡ್ಡ ಅಡ್ಡಿಯೆಂದು ನಂಬಿಕೊಂಡು ಕೂರಬೇಡಿ.

ಆದ್ದರಿಂದ ಚಿತ್ರಗಳನ್ನು ಏರಿಸುವ ಮುನ್ನ ಅವುಗಳೊಳಗೆ ಅಡಗಿರುವ ಸ್ಥಳ, ಸಮಯದ ಮಾಹಿತಿಯನ್ನು ತೆಗೆದುಹಾಕಿ. ಫೋನಿನಲ್ಲಿ ತೆಗೆದವುಗಳಲ್ಲಿ ಜಿಪಿಎಸ್ ಸ್ಥಾನವೂ ಸೇರಿರಬಹುದು. ಶೀರ್ಷಿಕೆಯಲ್ಲಿ ಕಟ್ಟಡದ ಹೆಸರು, ದಿನಾಂಕ ಬೇಡ, ಊರು ಮತ್ತು ವರ್ಷ ಸಾಕು. ಕೇಳಿದವರ ಚಿತ್ರವನ್ನು ತೆಗೆಯುತ್ತೇನೆಂಬ ಒಂದು ಸಾಲನ್ನೂ, ನಿಮ್ಮನ್ನು ತಲುಪುವ ದಾರಿಯನ್ನೂ ಪುಟದಲ್ಲಿ ಕಾಣುವಂತೆ ಹಾಕಿ. ಎಲ್ಲವನ್ನೂ ಜಾಲತಾಣಕ್ಕೇ ಹಾಕಬೇಕೆಂದೂ ಇಲ್ಲ: ಐವತ್ತು ಪ್ರತಿಗಳ ಪುಸ್ತಕ ಮಾಡಿಸಬಹುದು, ಗೋಡೆಯ ಮೇಲೆ ಎರಡು ವಾರ ತೂಗುಹಾಕಬಹುದು. ಮುದ್ರಿತ ಚಿತ್ರವನ್ನು ನೋಡಲು ಮನುಷ್ಯ ಎದ್ದು ಬರಬೇಕಾಗುತ್ತದೆ, ಆ ಸಣ್ಣ ಶ್ರಮವೇ ಎಷ್ಟೋ ಕೆಟ್ಟ ನೋಟಗಳನ್ನು ದೂರವಿಡುತ್ತದೆ.

ನಿಮ್ಮ ಮೂರು ಚಿತ್ರಗಳ ಬಗ್ಗೆ ಕೇಳಿದ್ದರಿಂದ ಹೇಳುತ್ತೇನೆ. ಕೊಡೆಯ ಮುದುಕರನ್ನು ಧಾರಾಳವಾಗಿ ಹಾಕಿ. ಅವರ ಮನೆಯವರ ಕಣ್ಣಿಗೆ ಬಿದ್ದರೆ ನಿಮಗೊಂದು ಧನ್ಯವಾದದ ಪತ್ರ ಬಂದರೂ ಬರಬಹುದು, ಆಗ ಒಂದು ಪ್ರತಿ ಅಚ್ಚು ಹಾಕಿಸಿ ಕಳಿಸಿಕೊಡಿ. ಸೇತುವೆಯ ಜೋಡಿ ಇಂದು ಜೊತೆಯಲ್ಲಿದ್ದಾರೋ, ಬೇರೆಯವರನ್ನು ಮದುವೆಯಾಗಿದ್ದಾರೋ ನಿಮಗೆ ಗೊತ್ತಿಲ್ಲ. ಮುಖಗಳು ನೆರಳಿಗೆ ಸರಿದ ಇನ್ನೊಂದು ಫ್ರೇಮ್ ಅದೇ ರೋಲಿನಲ್ಲಿ ಇದ್ದೀತು, ಹುಡುಕಿ, ಸಿಕ್ಕರೆ ಅದನ್ನೇ ಬಳಸಿ. ಮೂರನೆಯದು ಮೂರರಲ್ಲಿ ಅತ್ಯುತ್ತಮವಾದದ್ದಿರಬಹುದು. ಅದರ ಪ್ರಿಂಟ್ ಒಂದನ್ನು ಮಾಡಿಸಿ, ಪೆಟ್ಟಿಗೆಯಲ್ಲಿಡಿ.